ಅಮ್ಮನ ಕೈಯಿಂದ ಲಟ್ಟಣಿಗೆ ಕಿತ್ತುಕೊಳ್ಳಬೇಡಿ

ನೀವು ಕೇಳಿದ್ದು ಇಷ್ಟು. ಅಮ್ಮನಿಗೆ 68 ವರ್ಷ. ಅಪ್ಪ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ ಅವರನ್ನು ಪುಣೆಗೆ ಕರೆದುಕೊಂಡು ಬಂದಿದ್ದೀರಿ. ಅಡುಗೆಗೆ ಜನ ಇದ್ದಾರೆ, ಕಸ ಮುಸುರೆಗೆ ಜನ ಇದ್ದಾರೆ. ಒಂದು ಕಡ್ಡಿ ಎತ್ತಿಡುವ ಕೆಲಸವೂ ಅವರಿಗಿಲ್ಲ. ಆದರೂ ಅವರು ಸೊರಗುತ್ತಿದ್ದಾರೆ, ಮಾತು ಕಡಿಮೆಯಾಗಿದೆ. "ಇಡೀ ಜೀವನ ನಮಗಾಗಿ ದುಡಿದ ತಾಯಿಗೆ ನಾನು ಇನ್ನೇನು ಮಾಡಬೇಕು?" ಅಂತ ಕೇಳಿದ್ದೀರಿ.

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನನಗೆ 61, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ನನ್ನ ಅಮ್ಮನಿಗೆ 87, ನನ್ನ ಜೊತೆಯಲ್ಲೇ ಇದ್ದಾಳೆ. ನೀವು ಈಗ ಮಾಡುತ್ತಿರುವುದನ್ನೇ ನಾನೂ ಮಾಡಿದ್ದೆ. ಪ್ರೀತಿಯಿಂದಲೇ ಮಾಡಿದ್ದೆ. ಅದರಿಂದ ಅಮ್ಮ ಇನ್ನೇನು ಹಾಸಿಗೆ ಹಿಡಿಯುವುದರಲ್ಲಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಮ್ಮನ ಬಗ್ಗೆ ಹೇಳಬೇಕು. ಇಲ್ಲದಿದ್ದರೆ ನಾನು ತಪ್ಪಿದ್ದು ಎಲ್ಲಿ ಅಂತ ನಿಮಗೆ ಗೊತ್ತಾಗುವುದಿಲ್ಲ.

ಅಮ್ಮ ಕುಂದಾಪುರದ ಕಡೆಯವಳು. 19ನೇ ವಯಸ್ಸಿಗೆ ಮದುವೆಯಾಗಿ ಮುಂಬೈಗೆ ಬಂದಳು. ಅಪ್ಪ ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆ ಅಲ್ಲಿನ ಲಾಲ್‌ಬಾಗಿನ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ, ಒಂದೇ ಕೋಣೆ. ಕೊಂಕಣ ರೈಲು ಪೂರ್ತಿ ಶುರುವಾಗಿದ್ದು 1998ರಲ್ಲಿ. ಅದಕ್ಕೂ ಮೊದಲು ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ. ತಾಯಿಮನೆ ನೆನಪಾದರೆ ಎದ್ದು ಹೋಗುವ ಹಾಗಿರಲಿಲ್ಲ. ಪಕ್ಕದ ಮನೆಯವರ ಮರಾಠಿ ಅರ್ಥವಾಗುತ್ತಿರಲಿಲ್ಲ. ಆ ದಿನಗಳಲ್ಲಿ ಅತ್ತಿದ್ದನ್ನು ಅವಳು ಎಷ್ಟೋ ವರ್ಷ ಆದ ಮೇಲೆ ಹೇಳಿದಳು.

ನನಗೆ ನಾಲ್ಕು ವರ್ಷವಾದಾಗ ಅಮ್ಮ ಲಿಜ್ಜತ್ ಹಪ್ಪಳದ ಕೆಲಸಕ್ಕೆ ಸೇರಿದಳು. ಅದು ಶುರುವಾದ ಕಥೆ ನಿಮಗೆ ಗೊತ್ತಿರಬಹುದು. 1959ರ ಮಾರ್ಚ್ 15ರಂದು ಗಿರ್ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು, ಟೆರೇಸಿನ ಮೇಲೆ ಕೂತು ಹಪ್ಪಳ ಲಟ್ಟಿಸಿದ್ದು. ಆ ಏಳು ಜನ ಆಮೇಲೆ ಸಾವಿರಾರು ಜನ ಆದರು. ಕ್ರಮ ಹೀಗೆ: ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ನಿನ್ನೆಯ ಒಣಗಿದ ಹಪ್ಪಳ ತೂಕ ಮಾಡಿಸಿ ಕೊಡಬೇಕು, ದುಡ್ಡು ತಗೋಬೇಕು, ಇವತ್ತಿನ ನಾದಿದ ಹಿಟ್ಟು ತರಬೇಕು. ಲಟ್ಟಿಸುವುದು ಮನೆಯಲ್ಲಿ. ನಮ್ಮ ಒಂದು ಕೋಣೆಯ ಮನೆಯಲ್ಲಿ ಮಂಚದ ಮೇಲೂ ಹಪ್ಪಳ, ಕೆಳಗೂ ಹಪ್ಪಳ. ಮಳೆಗಾಲದಲ್ಲಿ ಒಣಗಿಸಲು ಜಾಗ ಸಾಲದೆ ನಾವು ಮಕ್ಕಳು ಗೋಡೆಗೆ ಒರಗಿ ಕೂತು ಓದುತ್ತಿದ್ದೆವು. ಇಂಗು, ಕಾಳುಮೆಣಸಿನ ಆ ವಾಸನೆ ಈಗ ಬಂದರೂ ನನಗೆ ಮಗ್ಗಿ ಪುಸ್ತಕ ನೆನಪಾಗುತ್ತದೆ.

ಕೈಗೆ ಬಂದ ದುಡ್ಡನ್ನು ಅಮ್ಮ ಎರಡು ಸಲ ಎಣಿಸುತ್ತಿದ್ದಳು. "ಕೇಳಿ ತಗೊಳ್ಳುವ ದುಡ್ಡೇ ಬೇರೆ, ಎಣಿಸಿ ತಗೊಳ್ಳುವ ದುಡ್ಡೇ ಬೇರೆ" ಅನ್ನುತ್ತಿದ್ದಳು. ನಾನು ಒಂದನೇ ಕ್ಲಾಸಿಗೆ ಸೇರಿದಾಗ ನನ್ನ ಸ್ಲೇಟಿನ ಮೇಲೆ ತನ್ನ ಹೆಸರು ಬರೆಯಲು ಕಲಿತಳು. ಪಾಸ್‌ಬುಕ್ಕಿಗೆ ಹೆಬ್ಬೆಟ್ಟು ಒತ್ತಬಾರದು ಅನ್ನುವುದು ಅವಳ ಹಟ. ಮುಂದೆ ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆದೆ. ಮೂವತ್ತು ವರ್ಷ ಆ ಕೆಲಸ ಮಾಡಿದೆ. ಹೋಟೆಲ್ ಹುಡುಗರ ಮಕ್ಕಳು, ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ನನ್ನ ಕ್ಲಾಸಿನಲ್ಲಿ ಮೊದಲ ಸಲ ತಮ್ಮ ಹೆಸರು ಬರೆದಾಗ ನನಗೆ ಕಾಣುತ್ತಿದ್ದದ್ದು ಆ ಸ್ಲೇಟು.

1982ರ ಜನವರಿ 18ರಂದು ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ನಮ್ಮ ಚಾಳಿನಲ್ಲಿ ಜಾಸ್ತಿ ಇದ್ದವರು ಗಿರಣಿ ಕೆಲಸಗಾರರೇ. ನನಗೆ ಆಗ 18. ತಿಂಗಳುಗಟ್ಟಲೆ ಸಂಬಳ ಇಲ್ಲದ ಮನೆ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಪಕ್ಕದ ಮನೆಯ ಮರಾಠಿ ಹೆಂಗಸು ಒಂದು ದಿನ ಅಮ್ಮನ ಹತ್ತಿರ ಅಕ್ಕಿ ಕೇಳಲು ಬಂದರು. ಅಮ್ಮ ಅಕ್ಕಿ ಕೊಟ್ಟಳು. ಮರುದಿನ ಬೆಳಿಗ್ಗೆ ಅವರನ್ನೂ ಎದುರು ಮನೆಯವರನ್ನೂ ಹಪ್ಪಳದ ಕೇಂದ್ರಕ್ಕೆ ಕರೆದುಕೊಂಡು ಹೋದಳು. ರಾತ್ರಿ ನಮ್ಮ ಮನೆಯಲ್ಲೇ ಮೂರು ಜನ ಕೂತು ಲಟ್ಟಿಸುವುದನ್ನು ಕಲಿಸಿದಳು. ಹತ್ತಾರು ವರ್ಷವಾಯಿತು, ಆ ಪಕ್ಕದ ಮನೆಯವರ ಮಗ ಈಗಲೂ ಗಣಪತಿ ಹಬ್ಬಕ್ಕೆ ಅಮ್ಮನಿಗೆ ಮೋದಕ ತಂದುಕೊಡುತ್ತಾನೆ.

2016ರಲ್ಲಿ ಅಪ್ಪ ಹೋದರು. ಅಮ್ಮನಿಗೆ 78. ನಾನು ಅವಳನ್ನು ಡೊಂಬಿವಲಿಗೆ ಕರೆತಂದೆ. ಮಗಳ ಮನೆಯಲ್ಲಿ ಇರುವುದಕ್ಕೆ ಅವಳಿಗೆ ಮೊದಲೇ ಸಂಕೋಚ. ನಾನೋ, ಅವಳನ್ನು ರಾಣಿ ಹಾಗೆ ನೋಡಿಕೊಳ್ಳಬೇಕು ಅಂತ ಹೊರಟವಳು. ಅಡುಗೆಯವರನ್ನು ಇಟ್ಟೆ. ಅವಳು ಸೊಪ್ಪು ಬಿಡಿಸಲು ಕೂತರೆ "ಬಿಡಮ್ಮಾ" ಅಂದೆ. ಬಟ್ಟೆ ಮಡಚಿದರೆ "ನೀನ್ಯಾಕೆ?" ಅಂದೆ. ಲಟ್ಟಣಿಗೆ, ಮಣೆ ಅಟ್ಟಕ್ಕೆ ಹೋಯಿತು. ಟಿವಿ ಎದುರು ಒಳ್ಳೆಯ ಕುರ್ಚಿ ಹಾಕಿಸಿದೆ.

ಏಳೆಂಟು ತಿಂಗಳಲ್ಲಿ ಅಮ್ಮ ಗೋಡೆ ಹಿಡಿದು ನಡೆಯುವಂತಾದಳು. ಊಟ ಅರ್ಧ. ಟಿವಿ ಸೌಂಡು ದಿನಾ ಜೋರು. ನಾನು ವಯಸ್ಸಾಯಿತಲ್ಲ ಅಂದುಕೊಂಡೆ. ನಮ್ಮ ಗಲ್ಲಿಯ ಡಾಕ್ಟರ ಹತ್ತಿರ ಹೋದಾಗ ಅವರು ಒಂದೇ ಒಂದು ಕೆಲಸ ಮಾಡಿಸಿದರು. ಕುರ್ಚಿಯಲ್ಲಿ ಕೂರಿಸಿ, "ಆಜಿ, ಕೈ ಊರದೆ ಎದ್ದು ನಿಲ್ಲಿ ನೋಡೋಣ" ಅಂದರು. ಅಮ್ಮನಿಗೆ ಒಂದು ಸಲವೂ ಆಗಲಿಲ್ಲ. ಎರಡು ಬಿಂದಿಗೆ ನೀರು ಹಿಡಿದು ಚಾಳಿನ ಮೂರು ಮಹಡಿ ಹತ್ತಿದವಳು ಅವಳು. ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಡಾಕ್ಟರು ಬಿಡಿಸಿ ಹೇಳಿದರು. ವಯಸ್ಸಾದವರ ಮಾಂಸಖಂಡ ಬಳಸದೇ ಇದ್ದರೆ ಬೇಗ ಕರಗುತ್ತದೆ, ಮತ್ತೆ ಕಟ್ಟಿಕೊಳ್ಳಲು ತುಂಬಾ ದಿನ ಬೇಕು. ತೊಡೆಯಲ್ಲಿ ಬಲ ಇಲ್ಲದಿದ್ದರೆ ಬೀಳುತ್ತಾರೆ. ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಮಾತ್ರೆಗಿಂತ ಮೊದಲು ಓಡಾಟ ಬೇಕು ಅಂದರು. ರಕ್ತ ಪರೀಕ್ಷೆಯಲ್ಲಿ ಬಿ12 ಮತ್ತು ವಿಟಮಿನ್ ಡಿ ಎರಡೂ ಕಡಿಮೆ ಇತ್ತು, ಅದಕ್ಕೂ ಔಷಧಿ ಕೊಟ್ಟರು.

ಅವತ್ತು ರಿಕ್ಷಾದಲ್ಲಿ ಬರುವಾಗ ಅಮ್ಮ ನನ್ನ ಕೈ ಹಿಡಿದು ಹೇಳಿದಳು, "ನಂಗೊಂದ್ ಕೆಲ್ಸ ಕೊಡ್ ಹೆಣೆ. ಸುಮ್ನೆ ಕೂಕಂಡ್ ಉಂಬುಕಾತಿಲ್ಲೆ." ಸುಮ್ಮನೆ ಕೂತು ಉಣ್ಣುವುದಕ್ಕೆ ಆಗುವುದಿಲ್ಲ ಅಂತ. ಕೆಲಸ ಬೇಡ ಅಂದಾಗಲೆಲ್ಲ ನಾನು ಅವಳಿಗೆ "ನಿನ್ನಿಂದ ಇನ್ನು ಏನೂ ಆಗಬೇಕಾಗಿಲ್ಲ" ಅಂತಲೇ ಹೇಳಿದ್ದೆ, ಅಲ್ವಾ? ಜೀವನಪೂರ್ತಿ ಎಣಿಸಿ ದುಡ್ಡು ತಗೊಂಡವಳಿಗೆ ನಾನು ಕೇಳುವ ಜಾಗ ಕೊಟ್ಟಿದ್ದೆ.

ಮರುದಿನವೇ ಅಟ್ಟದಿಂದ ಲಟ್ಟಣಿಗೆ ಇಳಿಸಿದೆ. ಅರ್ಧ ಕಿಲೋ ಉದ್ದಿನ ಹಿಟ್ಟು ತಂದೆ. ಅಮ್ಮ ಅಂಗೈಗೆ ಎಣ್ಣೆ ಸವರಿಕೊಂಡು ಹಿಟ್ಟನ್ನು ಎಳೆದು ಎಳೆದು ಮೆತ್ತಗೆ ಮಾಡಿದಳು. ಉಂಡೆ ಮಾಡಿ ಮಣೆಯ ಮೇಲಿಟ್ಟು ಲಟ್ಟಿಸಲು ಶುರು ಮಾಡಿದಳು. ಮೊದಲ ಎರಡು ಸೊಟ್ಟಗಾದವು. ಮೂರನೆಯದರಿಂದ ಕೈಗೆ ನೆನಪು ಬಂತು. ಹಪ್ಪಳವನ್ನು ಅವಳು ಬೆರಳಿನಿಂದ ತಿರುಗಿಸಲೇ ಇಲ್ಲ. ಒಂದು ಕೈಯ ಒತ್ತು ಸ್ವಲ್ಪ ಜಾಸ್ತಿ, ಇನ್ನೊಂದರದ್ದು ಸ್ವಲ್ಪ ಕಡಿಮೆ. ಅಷ್ಟಕ್ಕೇ ಅದು ಲಟ್ಟಣಿಗೆಯ ಕೆಳಗೆ ತಾನೇ ತಿರುಗುತ್ತಾ ಅಗಲವಾಯಿತು. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನಡುವೆ ಎಲ್ಲಾದರೂ ದಪ್ಪ ಇದ್ದರೆ ಅಲ್ಲಿ ಮಬ್ಬು ಕಾಣುತ್ತದಂತೆ. ಮಬ್ಬು ಇರಲಿಲ್ಲ. ಆಮೇಲೆ ಗಡಿಯಾರ ನೋಡಿದರೆ ಇಪ್ಪತ್ತು ನಿಮಿಷ ಆಗಿತ್ತು. ಅಷ್ಟು ಹೊತ್ತೂ ಅಡುಗೆ ಕಟ್ಟೆಯ ಮುಂದೆ ನಿಂತೇ ಇದ್ದಳು. ಗೋಡೆ ಹಿಡಿದಿರಲಿಲ್ಲ.

ಅಲ್ಲಿಂದ ಒಂದೊಂದೇ ಸರಿಯಾಯಿತು. ಒಂದೇ ಸಲಕ್ಕೆ ಅಲ್ಲ, ಆರು ತಿಂಗಳು ಹಿಡಿಯಿತು. ದಿನಕ್ಕೆ ಎರಡು ಹೊತ್ತು ಕುರ್ಚಿಯಿಂದ ಎದ್ದು ಕೂರುವುದು, ಮೊದಲು ಕೈ ಊರಿ, ಆಮೇಲೆ ಊರದೆ. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಬರೀ ವಾಕಿಂಗ್ ಸಾಲುವುದಿಲ್ಲ. ಊಟದಲ್ಲಿ ಗಂಜಿ, ಉಪ್ಪಿನಕಾಯಿಗೇ ನಿಲ್ಲಿಸದೆ ಮೊಟ್ಟೆ, ಮೊಸರು, ಹೆಸರುಕಾಳು, ವಾರಕ್ಕೆ ಎರಡು ಸಲ ಬಂಗುಡೆ. ನಿಮ್ಮ ಮನೆಯಲ್ಲಿ ಮೀನು ಮೊಟ್ಟೆ ಇಲ್ಲದಿದ್ದರೆ ಬೇಳೆ ಕಾಳು, ಹಾಲು ಮೊಸರು ಜಾಸ್ತಿ ಮಾಡಿ. ಬರೀ ಸಸ್ಯಾಹಾರದವರಿಗೆ ಬಿ12 ಕಡಿಮೆಯಾಗುವುದು ಜಾಸ್ತಿ. ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಒಂದು ರಾಡ್ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಇದನ್ನು ಇವತ್ತೇ ಮಾಡಬಹುದು.

ಕಿವಿಯ ವಿಷಯ ಮಾತ್ರ ತಡ ಮಾಡಬೇಡಿ. ಮಾತು ಕಡಿಮೆಯಾಗಿದೆ ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಅಮ್ಮ ಮೌನವಾಗಿದ್ದು ಬೇಜಾರಿನಿಂದ ಅಂದುಕೊಂಡಿದ್ದೆ. ಅರ್ಧ ಕಾರಣ ಕಿವಿ. ಸರಿಯಾಗಿ ಕೇಳದೆ, ಮತ್ತೆ ಮತ್ತೆ "ಎಂತ?" ಅನ್ನಲು ನಾಚಿಕೆಯಾಗಿ ಸುಮ್ಮನಾಗಿದ್ದಳು. ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚಿಸುವ, ಆದರೆ ನಾವು ತಡೆಯಬಹುದಾದ 14 ಕಾರಣಗಳ ಪಟ್ಟಿಯನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟಿತು. ಕಿವಿ ಮಂದವಾಗುವುದು ಅದರಲ್ಲಿದೆ. ಒಂಟಿಯಾಗಿರುವುದೂ ಇದೆ. ಶ್ರವಣ ಯಂತ್ರಕ್ಕೆ ಒಗ್ಗಿಕೊಳ್ಳಲು ಅಮ್ಮನಿಗೆ ಎರಡು ತಿಂಗಳು ಬೇಕಾಯಿತು. ಮೊದಲ ದಿನ ಕುಕ್ಕರ್ ಸೀಟಿಗೆ ಬೆಚ್ಚಿಬಿದ್ದಳು. ಬೇಡ ಅಂತ ತೆಗೆದಿಟ್ಟರೆ ಬಿಡಬೇಡಿ, ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿ. ಕಿವಿ, ರಕ್ತ ಎಲ್ಲ ಸರಿಯಿದ್ದೂ ಮಂಕಾಗಿಯೇ ಇದ್ದರೆ, ನಿದ್ದೆ ಇಲ್ಲದಿದ್ದರೆ, ಮನಸ್ಸಿನ ಡಾಕ್ಟರಿಗೆ ತೋರಿಸಿ. ಗಂಡನನ್ನು ಕಳೆದುಕೊಂಡ ದುಃಖ ಕೆಲವರಲ್ಲಿ ಕಾಯಿಲೆಯಾಗಿ ಕೂತುಬಿಡುತ್ತದೆ. ಅದಕ್ಕೆ ಚಿಕಿತ್ಸೆ ಇದೆ.

ಇನ್ನೊಂದು ಮಾತು. ಕೆಲಸ ಕೊಡಿ ಅಂದರೆ ಮನೆಯ ಭಾರ ಹೊರಿಸಿ ಅಂತಲ್ಲ. ಊರಿಂದ ಬಂದ ತಾಯಂದಿರಿಗೆ ಮೊಮ್ಮಕ್ಕಳನ್ನು ಬೆಳಗಿನಿಂದ ರಾತ್ರಿವರೆಗೆ ಒಪ್ಪಿಸಿಬಿಡುವ ಮನೆಗಳನ್ನು ನಮ್ಮ ಸೊಸೈಟಿಯಲ್ಲೇ ನೋಡುತ್ತೇನೆ. ಅದು ನನಗೆ ತುಂಬಾ ನೋವು ಕೊಡುತ್ತದೆ. ಅವರಿಗೆ ಚೆನ್ನಾಗಿ ಬರುವ, ಅವರೇ ಯಜಮಾನ್ತಿಯಾಗಿರುವ ಒಂದು ಕೆಲಸ ಇರಲಿ, ಸಾಕು. ಬೇಡ ಅನ್ನಿಸಿದ ದಿನ ಬಿಡುವ ಹಕ್ಕೂ ಅವರದ್ದೇ.

ಜೊತೆಗೆ ಜನ ಬೇಕು. ಇಲ್ಲಿ ಜ್ಯೇಷ್ಠ ನಾಗರಿಕ ಸಂಘದವರು ಗಾರ್ಡನ್ನಿನಲ್ಲಿ ಸೇರುತ್ತಾರೆ. ಅಮ್ಮ ಚಾಳಿನಲ್ಲಿ ಕಲಿತ ಮರಾಠಿಯಲ್ಲಿ ಅವರ ಜೊತೆ ಗಂಟೆಗಟ್ಟಲೆ ಮಾತಾಡುತ್ತಾಳೆ. ನಿಮ್ಮ ತಾಯಿಗೆ ಮರಾಠಿ ಇನ್ನೂ ಹೊಸದು. ಅವರು ಮಾತು ಬಿಟ್ಟಿರುವುದಕ್ಕೆ ಅದೂ ಕಾರಣ ಇರಬಹುದು. ನಿಮ್ಮ ಪುಣೆಯಲ್ಲೇ ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘ ಇದೆ, ಒಮ್ಮೆ ಕರೆದುಕೊಂಡು ಹೋಗಿ. ಆಷಾಢ ಏಕಾದಶಿಗೆ ಪಂಢರಪುರ ಸೇರಲು ಆಳಂದಿಯಿಂದಲೂ ದೇಹುವಿನಿಂದಲೂ ಹೊರಟ ಪಾಲಖಿಗಳು, ಅಂದರೆ ಪಲ್ಲಕ್ಕಿ ಮೆರವಣಿಗೆಗಳು, ದಾರಿಯಲ್ಲಿ ಪುಣೆಯಲ್ಲಿ ತಂಗುತ್ತವೆ. ಹುಬ್ಬಳ್ಳಿ ಕಡೆಯವರಿಗೆ ವಿಠ್ಠಲ ಹೊಸಬನಲ್ಲ. ರಸ್ತೆ ಬದಿಯಲ್ಲಿ ಅವರ ಪಕ್ಕ ನಿಂತುಕೊಳ್ಳಿ.

ಈಗ ಅಮ್ಮನ ಕೈ ನಡುಗುತ್ತದೆ. ದಿನಕ್ಕೆ ಹತ್ತು ಹಪ್ಪಳ, ಅಷ್ಟೇ. ಸೊಸೈಟಿಯ ನಾಲ್ಕು ಮನೆಯವರು ಕೊಳ್ಳುತ್ತಾರೆ. ಬಂದ ದುಡ್ಡನ್ನು ಎರಡು ಸಲ ಎಣಿಸಿ ದಿಂಬಿನ ಕೆಳಗೆ ಇಡುತ್ತಾಳೆ. ಹೋದ ತಿಂಗಳು ಅದರಿಂದ ನನ್ನ ಮೊಮ್ಮಗಳಿಗೆ ಸ್ಲೇಟು ತಂದಳು. ಅಂಗಡಿಯಲ್ಲಿ ಸ್ಲೇಟು ಸಿಗುವುದೇ ಕಷ್ಟ, ಮೂರು ಅಂಗಡಿ ಸುತ್ತಿದೆವು. ಮೂರಕ್ಕೂ ನಡೆದೇ ಬಂದಳು.

ನಿಮ್ಮ ತಾಯಿ ಹುಬ್ಬಳ್ಳಿಯವರು, ಜೋಳದ ರೊಟ್ಟಿ ಬಡಿದ ಕೈ ಅಂದುಕೊಳ್ಳುತ್ತೇನೆ. ಪುಣೆಯಲ್ಲಿ ಒಳ್ಳೆಯ ಜೋಳ ಸಿಗುತ್ತದೆ. ಈ ಭಾನುವಾರ ಅಡುಗೆಯವರಿಗೆ ರಜೆ ಕೊಡಿ. ಒಂದು ಕಿಲೋ ಹಿಟ್ಟು ಬೀಸಿಸಿಕೊಂಡು ಬಂದು ಅಮ್ಮನ ಮುಂದಿಟ್ಟು, "ಅವ್ವಾ, ನನಗ ರೊಟ್ಟಿ ಬಡಿಯೋದು ಕಲಿಸು" ಅಂತ ಕೇಳಿ. ಸುಮ್ನೆ ಕೇಳುವುದಲ್ಲ, ನೀವೂ ಪಕ್ಕದಲ್ಲಿ ಕೂತು ಕೈ ಹಿಟ್ಟು ಮಾಡಿಕೊಳ್ಳಿ. ಏನಾಯಿತು ಅಂತ ಇಲ್ಲೇ ಬರೆಯಿರಿ. ಅಮ್ಮನಿಗೂ ಓದಿ ಹೇಳುತ್ತೇನೆ. ನಿಮ್ಮ ಪ್ರಶ್ನೆ ಓದಿ ಹೇಳಿದಾಗಿನಿಂದ "ಆ ಹುಡುಗನ ಅಮ್ಮ ಉಂಡ್ಳಾ ಕೇಳು" ಅನ್ನುತ್ತಿದ್ದಾಳೆ.