ಕೊನೇ ಅಕ್ಷರ ಯಾವಾಗ ಸುಮ್ನಿರುತ್ತೆ? ಫ್ರೆಂಚ್ ಕಲಿಯೋರ ಪ್ರಶ್ನೆಗಳು

ಪ್ರಶ್ನೆ: ಹೋಟೆಲ್ ಮ್ಯಾನೇಜ್‌ಮೆಂಟ್ ಓದ್ತಾ ಇದೀನಿ ಮೇಡಂ. ಫ್ರೆಂಚಲ್ಲಿ ಕೊನೇ ಅಕ್ಷರ ಓದಬಾರ್ದು ಅಂದಿದ್ರು, ಅದಕ್ಕೇ ಆ ಆಲೂಗಡ್ಡೆ ಸೂಪಿಗೆ 'ವಿಶಿಸ್ವಾ' ಅಂದೆ. ವೈವಾದಲ್ಲಿ ತಪ್ಪು ಅಂದ್ರು. ಹಾಗಾದ್ರೆ ರೂಲ್ ಏನು?
– ವಿದ್ಯಾರ್ಥಿ, ಮಂಗಳೂರು

ಉತ್ತರ: ನಿಮಗೆ ಅರ್ಧ ರೂಲ್ ಮಾತ್ರ ಸಿಕ್ಕಿದೆ. ಪದ ವ್ಯಂಜನದಲ್ಲಿ ಮುಗಿದ್ರೆ ಸಾಮಾನ್ಯವಾಗಿ ಅದು ಕೇಳ್ಸಲ್ಲ, ಅದಕ್ಕೇ ಕ್ರ್ವಾಸಾಂನಲ್ಲಿ ಟಿ ಇಲ್ಲ, ಫ್ವಾ ಗ್ರಾದಲ್ಲಿ ಎಸ್ ಇಲ್ಲ. ಆದ್ರೆ ಆ ವ್ಯಂಜನ ಆದ್ಮೇಲೆ ಒಂದು ಇ ಬಂತು ಅಂದ್ರೆ ಕಥೆ ಉಲ್ಟಾ, ಇ ಸುಮ್ನಾಗುತ್ತೆ, ವ್ಯಂಜನ ಬಾಯಿ ಬಿಡುತ್ತೆ. ನಿಮ್ಮ ಸೂಪಿನ ಹೆಸರು ಮುಗಿಯೋದು ಎಸ್-ಇ ಇಂದ, ಹಾಗಾಗಿ 'ವಿಶಿಸ್ವಾಜ಼್'. ಇಂಗ್ಲಿಷ್ ಮಾತಾಡೋ ದೇಶಗಳಲ್ಲೂ ತುಂಬಾ ಜನ ಇದೇ ಪದದಲ್ಲಿ ಎಡವ್ತಾರೆ.

ಇಲ್ಲಿ ಎಸ್ ಯಾಕೆ ಜ಼್ ಆಯ್ತು ಅನ್ನೋದನ್ನ ಅಡುಗೆಮನೆಗೆ ಹೋಗೋರು ಗಟ್ಟಿಯಾಗಿ ತಿಳ್ಕೊಳ್ಳಲೇಬೇಕು. ಎರಡು ಸ್ವರದ ಮಧ್ಯೆ ಒಂದೇ ಎಸ್ ಇದ್ರೆ ಜ಼, ಎರಡಿದ್ರೆ ಸ. ಅಡುಗೆಗೆ ಮುಂಚೆ ಎಲ್ಲಾ ಹೆಚ್ಚಿ ಜೋಡಿಸಿಟ್ಕೊಳ್ಳೋದಕ್ಕೆ ನೀವು ದಿನಾ ಹೇಳೋ 'ಮೀಜ಼ಾಂ ಪ್ಲಾಸ್' ಅಲ್ಲೂ ಇದೇ ಲೆಕ್ಕ. ಪಿ-ಒ-ಐ ಆದ್ಮೇಲೆ ಎರಡು ಎಸ್ ಹಾಕಿ ಒ-ಎನ್ ಬರೆದ್ರೆ 'ಪ್ವಾಸೋಂ', ಮೀನು. ಒಂದು ಎಸ್ ಬಿಟ್ರೆ 'ಪ್ವಾಜ಼ೋಂ', ವಿಷ! ಮೆನು ಕಾರ್ಡ್ ಪ್ರಿಂಟಿಗೆ ಕೊಡೋಕೆ ಮುಂಚೆ ಈ ಪದ ಎರಡು ಸಲ ನೋಡಿ.

ಇನ್ನು ಸಿ, ಆರ್, ಎಫ್, ಎಲ್ ಈ ನಾಲ್ಕು ಕೊನೇಲಿದ್ರೂ ಹೆಚ್ಚಾಗಿ ಕೇಳ್ಸುತ್ವೆ: ಶೆಫ್, ಉಪ್ಪಿಗೆ 'ಸೆಲ್'. ಆದ್ರೆ ಪಾರ್ಸ್ಲಿಗೆ ಅವ್ರು 'ಪೆರ್ಸಿ' ಅಂತಾರೆ, ಬರೆಯೋವಾಗ ಕೊನೇಲಿ ಎಲ್ ಇದೆ. ಇ-ಆರ್ ಇಂದ ಮುಗಿಯೋ ಕ್ರಿಯಾಪದಗಳಲ್ಲಿ ಆರ್ ಕೇಳ್ಸಲ್ಲ, ರಾತ್ರಿ ಊಟ ಮಾಡೋದಕ್ಕೆ 'ದೀನೆ' ಅಷ್ಟೇ. ಮೊಟ್ಟೆ ಅಂತೂ ಇನ್ನೂ ವಿಚಿತ್ರ. ತುಟಿ ಗುಂಡಗೆ ಮಾಡ್ಕೊಂಡು 'ಎಫ್' ಅಂದ್ರೆ ಒಂದು ಮೊಟ್ಟೆ, ಬಹುವಚನಕ್ಕೆ ಎಸ್ ಸೇರಿಸಿ ಬರೀತಾರೆ ಆದ್ರೆ ಹೇಳೋವಾಗ ಎಫ್ಫೂ ಹೋಗಿ ಬರೀ ಗುಂಡು ತುಟಿಯ 'ಎ' ಉಳಿಯುತ್ತೆ. ಇಂಥವನ್ನ ಕೇಳಿ ಕೇಳಿಯೇ ಕಲೀಬೇಕು, ರೂಲ್ ಹುಡುಕ್ತಾ ಕೂರಬೇಡಿ.

ಪ್ರಶ್ನೆ: ಮಗಳು ಸ್ಕೂಲಲ್ಲಿ ಫ್ರೆಂಚ್ ತಗೊಂಡಿದಾಳೆ. ಪ್ರತಿ ಪದದ ಮೇಲೂ ಕನ್ನಡದಲ್ಲಿ ಉಚ್ಚಾರ ಬರ್ಕೋತಾಳೆ. ಬಿಡಿಸ್ಬೇಕಾ?
– ತಾಯಿ, ಬೆಂಗಳೂರು

ಉತ್ತರ: ಬಿಡಿಸ್ಬೇಡಿ ಅಮ್ಮ. ಇಂಗ್ಲಿಷಲ್ಲಿ ಬರ್ಕೊಳ್ಳೋದಕ್ಕಿಂತ ಎಷ್ಟೋ ವಾಸಿ. ಫ್ರೆಂಚಿನ ಟಿ, ಡಿ ನಮ್ಮ ತ, ದ ಇದ್ದ ಹಾಗೆ, ನಾಲಿಗೆ ಹಲ್ಲಿಗೆ ತಾಗಬೇಕು, ಟ, ಡ ಅಲ್ಲವೇ ಅಲ್ಲ. ಜಿ-ಎನ್ ಜೊತೆಯಾಗಿ ಬಂದ್ರೆ ನಮ್ಮ ಞ, ಶಾಂಪೇನ್ ಅಂತೀವಲ್ಲ ಅದು ಅಲ್ಲಿ 'ಶಾಂಪಾಞ್'. ವರ್ಣಮಾಲೇಲಿ ಕಲಿತು ಮರೆತ ಅಕ್ಷರ ಇಲ್ಲಿ ಉಪಯೋಗಕ್ಕೆ ಬರುತ್ತೆ ನೋಡಿ.

ಎರಡು ಕಡೆ ಮಾತ್ರ ಕನ್ನಡ ಲಿಪಿ ಸಾಲಲ್ಲ. ಒಂದು, ಸೊನ್ನೆ. 'ಬೋಂ' ಅಂತ ಬರೆದಿದ್ರೆ ನಾವು ಓದೋವಾಗ ತುಟಿ ಮುಚ್ಚಿ ಮ್ ಅಂದುಬಿಡ್ತೀವಿ, ಫ್ರೆಂಚಲ್ಲಿ ತುಟಿ ಮುಚ್ಚೋದೇ ಇಲ್ಲ, ಓ ಅಂತಿರೋವಾಗ್ಲೇ ಗಾಳಿ ಸ್ವಲ್ಪ ಮೂಗಿಂದ ಹೋಗಬೇಕು. ಕನ್ನಡಿ ಮುಂದೆ ನಿಂತು ಹೇಳೋಕೆ ಹೇಳಿ, ತುಟಿ ಕೂಡಿದ್ರೆ ಅವಳಿಗೇ ಕಾಣುತ್ತೆ. ಇನ್ನೊಂದು ಯು. 'ಈ' ಅಂತ ಎಳೀತಾ, ನಾಲಿಗೆ ಅಲ್ಲಾಡಿಸ್ದೆ, ತುಟಿ ಮಾತ್ರ ಸೀಟಿ ಹೊಡೆಯೋ ಹಾಗೆ ಮುಂದಕ್ಕೆ ತರಬೇಕು. ಇದು ಬರ್ದೇ ಇದ್ರೆ 'ಮೇಲೆ' ಅನ್ನೋ ಪದ 'ಕೆಳಗೆ' ಅಂತ ಕೇಳ್ಸುತ್ತೆ, ಎರಡೂ 'ದಸು' ತರ ಪದಗಳೇ, ವ್ಯತ್ಯಾಸ ಈ ಒಂದು ಸ್ವರದಲ್ಲಿ ಮಾತ್ರ. ಆ ಸ್ವರ ಬಂದಲ್ಲೆಲ್ಲಾ ಕನ್ನಡದ ಉ ಮೇಲೆ ಎರಡು ಚುಕ್ಕಿ ಇಟ್ಕೊಳ್ಳಲಿ.

ಪ್ರಶ್ನೆ: ಓದೋಕೆ ಬರುತ್ತೆ, ಡಿಕ್ಟೇಷನ್ ಕೊಟ್ರೆ ಸ್ಪೆಲಿಂಗ್ ಎಲ್ಲಾ ತಪ್ಪು. ಕೇಳ್ಸದೇ ಇರೋ ಅಕ್ಷರ ಯಾಕಿಟ್ಟಿದಾರೆ?
– ಪಿಯು ವಿದ್ಯಾರ್ಥಿನಿ, ಮೈಸೂರು

ಉತ್ತರ: ನೀವೊಬ್ರೇ ಅಲ್ಲ. 1857ರಲ್ಲಿ ಪ್ರಾಸ್ಪೆರ್ ಮೆರಿಮೆ ಅನ್ನೋ ಲೇಖಕರು ಫ್ರಾನ್ಸಿನ ಆಸ್ಥಾನದಲ್ಲಿ ಕೊಟ್ಟ ಡಿಕ್ಟೇಷನ್‌ನಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್‌ಗೇ 75 ತಪ್ಪು ಬಂದಿತ್ತು ಅಂತ ಹೇಳ್ತಾರೆ. ಫ್ರೆಂಚಲ್ಲಿ ಅಕ್ಷರದಿಂದ ಸದ್ದಿಗೆ ಹೋಗೋ ದಾರಿ ಬಹುಮಟ್ಟಿಗೆ ನೇರ, ಸದ್ದಿಂದ ಅಕ್ಷರಕ್ಕೆ ಬರೋದೇ ಕಷ್ಟ. 'ವೆರ್' ಅಂದ್ರೆ ಹಸಿರು, ಗಾಜು, ಹುಳ, ಕಡೆಗೆ, ನಾಲ್ಕಕ್ಕೂ ಬೇರೆ ಬೇರೆ ಸ್ಪೆಲಿಂಗ್.

ಸದ್ದಿಲ್ಲದ ಅಕ್ಷರ ಎಷ್ಟೋ ಕಡೆ ಲ್ಯಾಟಿನ್ನಿಂದ ಬಂದಿದ್ದು. ಕಾಲ ಅನ್ನೋ ಅರ್ಥದ 'ತಾಂ' ಒಳಗೆ ಪಿ ಇದೆ ಯಾಕಂದ್ರೆ ಮೂಲ 'ಟೆಂಪಸ್'. ಬೆರಳಿಗೆ 'ದ್ವಾ', ಅದರಲ್ಲಿ ಜಿ-ಟಿ ಇದೆ, ಮೂಲ 'ಡಿಜಿಟಸ್'. ನಿಮಗೆ ಹೇಗೂ ಇಂಗ್ಲಿಷ್ ಬರುತ್ತಲ್ಲ, ಟೆಂಪರರಿ ಜೊತೆ ಮೊದಲನೇದು, ಡಿಜಿಟ್ ಜೊತೆ ಎರಡನೇದು ನೆನಪಿಟ್ಕೊಳ್ಳಿ. ಸ್ವರದ ಮೇಲೆ ಟೋಪಿ ತರ ಗುರುತು ಕಂಡ್ರೆ ಎಷ್ಟೋ ಸಲ ಅಲ್ಲೊಂದು ಎಸ್ ಇತ್ತು ಅಂತ ಅರ್ಥ, ಹಾಸ್ಪಿಟಲ್, ಫಾರೆಸ್ಟ್ ಪದಗಳ ಫ್ರೆಂಚ್ ರೂಪ ಬರೆದು ನೋಡಿ. ಫ್ರೆಂಚ್ ಅಕಾಡೆಮಿಯ 1740ರ ನಿಘಂಟಲ್ಲಿ ಇಂಥಾ ಎಸ್‌ಗಳನ್ನ ತೆಗೆದ್ರು. 1990ರಲ್ಲೂ ಕೆಲವು ಸ್ಪೆಲಿಂಗ್ ಹಗುರ ಮಾಡಿದ್ರು, ಈರುಳ್ಳಿಯ 'ಒಞೋಂ' ಈಗ ಮಧ್ಯದ ಐ ಬಿಟ್ಟು ಬರೆದ್ರೂ ಸರಿ. ಆದ್ರೂ ಪರೀಕ್ಷೆಗೆ ನಿಮ್ಮ ಪಠ್ಯದಲ್ಲಿರೋ ರೂಪವನ್ನೇ ಬರೀರಿ.

ಪ್ರಶ್ನೆ: ಐ ಪಕ್ಕ ಎರಡು ಎಲ್ ಬಂದ್ರೆ ಯ ಅನ್ಬೇಕಾ, ಲ ಅನ್ಬೇಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಯ ಅನ್ನಿ. ಹುಡುಗಿ 'ಫೀಯ್', ಕುಟುಂಬ 'ಫಾಮೀಯ್'. ಮುಖ್ಯವಾಗಿ ಮೂರು ಪದ ಬೇರೆ: ಊರು 'ವೀಲ್', ಸಾವಿರ 'ಮೀಲ್', ಶಾಂತ 'ತ್ರಾಂಕೀಲ್'. ಇವುಗಳ ಬಳಗದ ಪದಗಳಲ್ಲೂ ಲ ಸದ್ದೇ.