ಚಳಿ ಕಾರಣವೋ, ರಾತ್ರಿಯಿಡೀ ನಿಂತದ್ದು ಕಾರಣವೋ?

ಗಾಡಿ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಶಿರಸಿಯಿಂದ 14 ಕಿಲೋಮೀಟರ್ ಒಳಗೆ ತೋಟದ ಮನೆ. ಡೀಸೆಲ್ ಕಾರು ತೆಗೆದುಕೊಂಡು 2 ವರ್ಷ 9 ತಿಂಗಳಾಯಿತು, 41 ಸಾವಿರ ಕಿಲೋಮೀಟರ್ ಓಡಿದೆ. ಡಿಸೆಂಬರ್ ಶುರುವಾದಾಗಿನಿಂದ ಬೆಳಿಗ್ಗೆ 6 ಗಂಟೆಗೆ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಎರಡು ಮೂರು ಸಲ, ಹತ್ತು ಹತ್ತು ಸೆಕೆಂಡು ಹೊಡೆಯಬೇಕು. ಹಿಡಿದ ಮೇಲೂ ಅರ್ಧ ನಿಮಿಷ ಗಡಗಡ ನಡುಗುತ್ತದೆ, ಅಂಗಳದ ತುಂಬಾ ಬಿಳಿ ಹೊಗೆ. ಆಮೇಲೆ ಇಡೀ ದಿನ ಏನೂ ತೊಂದರೆ ಇಲ್ಲ. ಎರಡು ಸಲ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಒಯ್ದೆ. ‘ಗಾಡಿ ಸರಿಯಾಗೇ ಇದೆ, ಚಳಿಗೆ ಡೀಸೆಲ್ ಗಾಡಿ ಸ್ವಲ್ಪ ಹಾಗೇ’ ಎಂದು ವಾಪಸ್ ಕಳಿಸಿದರು. ಮಾರ್ಚ್‌ಗೆ 3 ವರ್ಷದ ವಾರಂಟಿ ಮುಗಿಯುತ್ತದೆ. ಏನು ಮಾಡಲಿ?

ಉತ್ತರ: ‘ಚಳಿಗೆ ಡೀಸೆಲ್ ಗಾಡಿ ಹಾಗೇ’ ಎನ್ನುವ ಮಾತನ್ನು ಮಾತ್ರ ಒಪ್ಪಬೇಡಿ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಈ ತಿಂಗಳುಗಳಲ್ಲಿ ಬೆಳಗಿನ ಜಾವ 13-15 ಡಿಗ್ರಿಗೆ ಇಳಿಯುತ್ತದೆ. ನಮಗೆ ಅದು ಕಂಬಳಿ ಹೊದೆಯುವ ಚಳಿ, ಆದರೆ ಈಗಿನ ಡೀಸೆಲ್ ಎಂಜಿನ್‌ಗೆ ಅದು ಚಳಿಯೇ ಅಲ್ಲ. ಇಂಥದೇ ಎಂಜಿನ್‌ಗಳು ಮನಾಲಿ, ಲೇಹ್ ಕಡೆ ಸೊನ್ನೆಗಿಂತ ಕೆಳಗೂ ಸ್ಟಾರ್ಟ್ ಆಗುತ್ತವೆ. ಮೂರು ವರ್ಷ ತುಂಬದ ಗಾಡಿ 14 ಡಿಗ್ರಿಗೆ ಅರ್ಧ ನಿಮಿಷ ನಡುಗುತ್ತದೆ ಅಂದರೆ ಯಾವುದೋ ಒಂದು ಭಾಗ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್‌ನ ಕಬ್ಬಿಣ ಆ ಶಾಖವನ್ನು ಹೀರಿಬಿಡುತ್ತದೆ. ಅದಕ್ಕೇ ಪ್ರತಿ ಸಿಲಿಂಡರಿಗೆ ಒಂದು ಗ್ಲೋ ಪ್ಲಗ್ ಇರುತ್ತದೆ, ನಮ್ಮ ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್ ಅಂತಾರಲ್ಲ, ಅದೇ. ಪೆನ್ಸಿಲ್ಲಿನಷ್ಟು ಸಣ್ಣದು, ಆದರೆ ಕೆಲವೇ ಸೆಕೆಂಡಿನಲ್ಲಿ ಅದರ ತುದಿ 800 ಡಿಗ್ರಿ ದಾಟಿ ಕೆಂಪಗಾಗುತ್ತದೆ. ಕೀ ತಿರುಗಿಸಿದಾಗ ಮೀಟರಿನಲ್ಲಿ ಹಳದಿ ಸುರುಳಿ ದೀಪ ಬರುತ್ತದಲ್ಲ, ಅದು ಇದರದ್ದೇ. ದೀಪ ಆರಿ ಗಾಡಿ ಸ್ಟಾರ್ಟ್ ಆದ ಮೇಲೂ ಪ್ಲಗ್ ಸ್ವಲ್ಪ ಹೊತ್ತು ಬಿಸಿಯಾಗೇ ಇರುತ್ತದೆ. ನಡುಕ, ಹೊಗೆ ಬಾರದಿರಲಿ ಅಂತ.

ಆದರೆ ಬರೀ ನಿಮ್ಮ ಪತ್ರ ಓದಿ ‘ಹೀಟರ್ ಪ್ಲಗ್ಗೇ ಹೋಗಿದೆ’ ಎಂದು ಹೇಳಿಬಿಟ್ಟರೆ ತಪ್ಪಾಗುತ್ತದೆ. ರಾತ್ರಿ ಕಳೆದ ಗಾಡಿಗೆ ಎರಡು ಸಂಗತಿ ಒಟ್ಟಿಗೇ ಆಗಿರುತ್ತವೆ: ಗಾಡಿ ತಣ್ಣಗಾಗಿರುತ್ತದೆ, ಜೊತೆಗೆ ಹತ್ತು ಹನ್ನೆರಡು ಗಂಟೆ ನಿಂತಿರುತ್ತದೆ. ಡೀಸೆಲ್ ಪೈಪಿನ ಜಾಯಿಂಟ್‌ನಲ್ಲೋ ಫಿಲ್ಟರಿನ ಸೀಲ್‌ನಲ್ಲೋ ಕೂದಲೆಳೆಯಷ್ಟು ಸಂದು ಇದ್ದರೆ ಸಾಕು, ನಿಂತಷ್ಟು ಹೊತ್ತೂ ಗಾಳಿ ಒಳಗೆ ಬಂದು ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಜಾರುತ್ತದೆ. ಬೆಳಿಗ್ಗೆ ಪಂಪು ಆ ಗಾಳಿಯನ್ನೆಲ್ಲ ತಳ್ಳಿ ಮುಗಿಸುವವರೆಗೆ ಎಂಜಿನ್ ಹಿಡಿಯುವುದಿಲ್ಲ. ಇದಕ್ಕೂ ಚಳಿಗೂ ಸಂಬಂಧವಿಲ್ಲ, ನಮಗೆ ಗೊತ್ತಾಗುವುದು ಮಾತ್ರ ಬೆಳಿಗ್ಗೆ, ಹಾಗಾಗಿ ಚಳಿಯನ್ನು ದೂರುತ್ತೇವೆ.

ಇವೆರಡನ್ನು ಬೇರೆ ಮಾಡಲು ಒಂದು ರೂಪಾಯಿಯೂ ಬೇಡ. ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಪೇಟೆಗೆ ಹೋಗಿ ಬಂದು, ಗಾಡಿಯನ್ನು ಬಿಸಿಲು ಬೀಳುವ ಅಂಗಳದಲ್ಲಿ ನಿಲ್ಲಿಸಿಬಿಡಿ. ದಿನವಿಡೀ ಮುಟ್ಟಬೇಡಿ, ಮನೆಯವರಿಗೂ ಹೇಳಿಡಿ. ಸಂಜೆ ಆರಕ್ಕೆ ಸ್ಟಾರ್ಟ್ ಮಾಡಿ. ರಾತ್ರಿ ನಿಂತಷ್ಟೇ ಹೊತ್ತು ನಿಂತಿದೆ, ಆದರೆ ಚಳಿ ಇಲ್ಲ. ಈಗ ಒಂದೇ ಸಲಕ್ಕೆ ಹಿಡಿದರೆ ಹೀಟರ್ ಪ್ಲಗ್ ಕಡೆ ನೋಡಬೇಕು. ಈಗಲೂ ಬೆಳಗಿನ ಹಾಗೇ ಸತಾಯಿಸಿದರೆ ಡೀಸೆಲ್ ಪೈಪಿನ ಕಡೆ ನೋಡಬೇಕು.

ಇನ್ನೊಂದು ಸುಳಿವು ಹೊಗೆ. ನೀವು ಸೆಲ್ಫ್ ಹೊಡೆಯುವಾಗ ಯಾರಾದರೂ ಸೈಲೆನ್ಸರ್ ಹಿಂದೆ ನಿಂತು ನೋಡಲಿ. ಎಂಜಿನ್ ಹಿಡಿಯುವ ಮೊದಲೇ ಪುಸಪುಸ ಬಿಳಿ ಹೊಗೆ ಬಂತು, ಕಣ್ಣು ಉರಿಯುವ ಡೀಸೆಲ್ ವಾಸನೆ ಬಂತು ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್ ತಲುಪಿಲ್ಲ. ನಿಮ್ಮ ಗಾಡಿ ಮೊದಲನೆಯ ಪೈಕಿ ಅಂತ ನನಗನ್ನಿಸುತ್ತದೆ. ಆದರೂ ಭಾನುವಾರದ ಪರೀಕ್ಷೆ ಮಾಡಿಯೇ ನಿರ್ಧರಿಸಿ.

ಈಗ ಸರ್ವಿಸ್ ಸೆಂಟರ್ ವಿಷಯ. ಅವರು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ನೀವು ಹೋಗಿ ಮುಟ್ಟುವಾಗ ಎಂಜಿನ್ 90 ಡಿಗ್ರಿ ಬಿಸಿ. ಅಷ್ಟು ಬಿಸಿ ಇದ್ದಾಗ ಗಾಡಿಯೊಳಗಿನ ಕಂಪ್ಯೂಟರ್ ಹೀಟರ್ ಪ್ಲಗ್‌ಗಳನ್ನು ಹಚ್ಚುವುದೇ ಇಲ್ಲ. ನಾಲ್ಕೂ ಸತ್ತಿದ್ದರೂ ಗಾಡಿ ಟಕ್ಕನೆ ಸ್ಟಾರ್ಟ್ ಆಗುತ್ತದೆ. ರಾತ್ರಿಯ ಕೆಮ್ಮನ್ನು ಮಧ್ಯಾಹ್ನ ಡಾಕ್ಟರಿಗೆ ತೋರಿಸಿದ ಹಾಗೆ, ಅಲ್ವಾ?

ಹಾಗಾಗಿ ಈ ಸಲ ಗಾಡಿಯನ್ನು ಒಂದು ರಾತ್ರಿ ಅಲ್ಲೇ ಬಿಡಿ. ಬೇಕಿದ್ದರೆ ಎರಡು ರಾತ್ರಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಗಾಡಿ ಬಿಟ್ಟು ಬರುವುದು ಕಷ್ಟ ಅಂತ ನನಗೆ ಗೊತ್ತು. ಆದರೆ ಬೇರೆ ದಾರಿ ಇಲ್ಲ. ಗಾಡಿ ಒಳಗೆ ತೆಗೆದುಕೊಳ್ಳುವಾಗ ದೂರು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ‘ಜನರಲ್ ಚೆಕಪ್’ ಅಂತ ಬರೆಯಲು ಬಿಡಬೇಡಿ. ‘ರಾತ್ರಿ ನಿಂತ ಮೇಲೆ ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಮೂರು ಸಲ ಸೆಲ್ಫ್ ಬೇಕು, ಬಿಳಿ ಹೊಗೆ, ಅರ್ಧ ನಿಮಿಷ ನಡುಕ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ, ಒಂದು ಪ್ರತಿ ಇಸಿದುಕೊಳ್ಳಿ. ಹಿಂದಿನ ಎರಡು ಜಾಬ್ ಕಾರ್ಡೂ ಹುಡುಕಿ ಇಟ್ಟುಕೊಳ್ಳಿ.

ಮನೆಯಲ್ಲಿ ಮೊಬೈಲ್ ವಿಡಿಯೋ ಮಾಡುವುದಾದರೆ ಕೀ ತಿರುಗಿಸುವ ಮೊದಲೇ ಶುರು ಮಾಡಿ. ಮೀಟರಿನ ಗಡಿಯಾರ, ಹೊರಗಿನ ಉಷ್ಣಾಂಶ, ಸುರುಳಿ ದೀಪ ಬಂದು ಆರುವುದು, ಸೆಲ್ಫಿನ ಸದ್ದು, ಎಲ್ಲ ಒಂದೇ ತುಂಡಿನಲ್ಲಿ ಬರಲಿ. ಬರೀ ಹೊಗೆ ತೋರಿಸುವ ವಿಡಿಯೋ ಕೊಟ್ಟರೆ ಅದು ಯಾವಾಗಿನದ್ದು ಎಂದು ಕೇಳುತ್ತಾರೆ.

ಅವರನ್ನು ಕೇಳಬೇಕಾದ್ದು ಇಷ್ಟು. ನಾಲ್ಕೂ ಹೀಟರ್ ಪ್ಲಗ್‌ಗಳನ್ನು ಒಂದೊಂದಾಗಿ ಮಲ್ಟಿಮೀಟರ್ ಹಿಡಿದು ನೋಡಿದ್ದೀರಾ? ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಪಿ 0670ರಿಂದ ಪಿ 0674ರ ತನಕದ ದೋಷದ ಕೋಡ್ ಏನಾದರೂ ಇದೆಯೇ? 0670 ಎಂದರೆ ಪ್ಲಗ್‌ಗಳ ಕಂಟ್ರೋಲ್ ಮಾಡ್ಯೂಲ್ ಸರ್ಕ್ಯೂಟ್, 0671ರಿಂದ 0674 ಒಂದೊಂದು ಸಿಲಿಂಡರಿನ ಪ್ಲಗ್. ಮತ್ತೊಂದು ಪ್ರಶ್ನೆ ಬಹಳ ಮುಖ್ಯ: ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೆನ್ಸರ್ ಎಷ್ಟು ಡಿಗ್ರಿ ತೋರಿಸುತ್ತಿದೆ? ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್, ಒಳಬರುವ ಗಾಳಿ, ಹೊರಗಿನ ಗಾಳಿ ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಹೊರಗೆ 14 ಇದ್ದಾಗ ಕೂಲಂಟ್ 45 ಅಂತ ತೋರಿಸಿದರೆ ಆ ಸೆನ್ಸರೇ ಸುಳ್ಳು ಹೇಳುತ್ತಿದೆ. ಎಂಜಿನ್ ಬಿಸಿ ಇದೆ ಅಂದುಕೊಂಡು ಕಂಪ್ಯೂಟರ್ ಪ್ಲಗ್ ಹಚ್ಚದೆ ಕೂತಿರುತ್ತದೆ. ಇದನ್ನು ನೋಡದೆ ನಾಲ್ಕು ಪ್ಲಗ್ ಬದಲಾಯಿಸಿದರೂ ಪ್ರಯೋಜನ ಇಲ್ಲ. ಪೈಪಿನ ಕಡೆ ಅನುಮಾನ ಬಂದರೆ ಸೆಲ್ಫ್ ಹೊಡೆಯುವಾಗಿನ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್ಲಿನ ಒತ್ತಡ) ಮತ್ತು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಲೀಕ್ ಟೆಸ್ಟ್ ಕೇಳಿ.

ವಾರಂಟಿ ಪುಸ್ತಕವನ್ನು ಇವತ್ತೇ ತೆಗೆದು ಓದಿ. ಫಿಲ್ಟರ್, ವೈಪರ್ ಥರದ ಸವೆಯುವ ವಸ್ತುಗಳಿಗೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ. ಬ್ಯಾಟರಿಗೆ ಅದನ್ನು ಮಾಡಿದ ಕಂಪನಿಯ ವಾರಂಟಿ ಬೇರೆ ಇರುತ್ತದೆ. ಹೀಟರ್ ಪ್ಲಗ್ ಯಾವ ಪಟ್ಟಿಯಲ್ಲಿದೆ ಎಂದು ನೋಡಿಕೊಳ್ಳಿ. ‘ಇದು ವಾರಂಟಿಗೆ ಬರಲ್ಲ’ ಎಂದರೆ ಕಾರಣ ಸಮೇತ ಬರೆದುಕೊಡಿ ಎನ್ನಿ. ಮಾರ್ಚ್ ಬರುವ ಮೊದಲೇ ಕಂಪನಿಯ ಕಸ್ಟಮರ್ ಕೇರ್‌ಗೆ ಜಾಬ್ ಕಾರ್ಡ್‌ಗಳ ಫೋಟೋ ಸಮೇತ ಇಮೇಲ್ ಹೋಗಿರಲಿ. ವಾರಂಟಿ ಇದ್ದಾಗಲೇ ದೂರು ಕೊಟ್ಟಿದ್ದೆ ಎನ್ನುವುದಕ್ಕೆ ಅದೇ ಸಾಕ್ಷಿ.

ದಯವಿಟ್ಟು ಅಲ್ಲಿಯವರೆಗೆ ಹೊರಗೆ ಯಾರ ಕೈಯಲ್ಲೂ ವೈರು ಮುಟ್ಟಿಸಬೇಡಿ. ನನ್ನ ಹಿಂದಿನ ಗಾಡಿಗೆ ಹೀಗೇ ಆದಾಗ ಪರಿಚಯದ ಗ್ಯಾರೇಜಿನವರು ಹೀಟರ್ ಪ್ಲಗ್‌ಗೆ ನೇರವಾಗಿ ಒಂದು ಸ್ವಿಚ್ ಕೊಟ್ಟರು. ಬೆಳಿಗ್ಗೆ ಒತ್ತಿದರೆ ಸಾಕು, ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಮುಂದಿನ ಸರ್ವಿಸಿನಲ್ಲಿ ಬಾನೆಟ್ ಎತ್ತಿದವರು ಆ ಕಪ್ಪು ಟೇಪು ಸುತ್ತಿದ ಜಾಯಿಂಟಿನ ಫೋಟೋ ಹೊಡೆದುಕೊಂಡರು. ಇಡೀ ವೈರಿಂಗ್‌ನ ವಾರಂಟಿ ಅಲ್ಲಿಗೇ ಮುಗಿಯಿತು. ಆ ನೋವು ಇವತ್ತಿಗೂ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇಷ್ಟಾದರೂ ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ನಮ್ಮ ಜಿಲ್ಲೆಯ ಗ್ರಾಹಕ ಆಯೋಗ ಕಾರವಾರದಲ್ಲಿದೆ. ತಕರಾರು ಹುಟ್ಟಿದ 2 ವರ್ಷದ ಒಳಗೆ ದೂರು ಹಾಕಬೇಕು.

ಪ್ರಶ್ನೆ: ಯಲ್ಲಾಪುರದ ಹತ್ತಿರ ನಮ್ಮ ಮನೆ. ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ, ಸ್ವಲ್ಪ ಸೀಮೆಎಣ್ಣೆ ಬೆರೆಸಿ ಎಂದು ಪರಿಚಯದ ಲಾರಿ ಡ್ರೈವರ್ ಹೇಳಿದರು. ಹಾಕಬಹುದೇ?

ಉತ್ತರ: ಬೇಡ. ಒಂದು ಚಮಚವೂ ಬೇಡ. ನಮ್ಮಲ್ಲಿ ಮಾರುವ ಚಳಿಗಾಲದ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರಿನಲ್ಲಿ ಕಟ್ಟಿಕೊಳ್ಳದೆ ಹರಿಯಬೇಕು ಎಂಬುದು ಮಾನಕ ಬ್ಯೂರೋದ ನಿಯಮ. ಯಲ್ಲಾಪುರದ ಚಳಿಗೆ ಅದು ಗಟ್ಟಿಯಾಗಲ್ಲ. ಹಳೆಯ ಲಾರಿ ಪಂಪುಗಳು ಸೀಮೆಎಣ್ಣೆಯನ್ನು ಹೇಗೋ ತಡೆದುಕೊಳ್ಳುತ್ತಿದ್ದವು. ಭಾರೀ ಒತ್ತಡದಲ್ಲಿ ಡೀಸೆಲ್ ತಳ್ಳುವ ಈಗಿನ ಕಾಮನ್ ರೈಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲಿನ ಜಿಡ್ಡಿನಲ್ಲೇ ಅದು ತಿರುಗುವುದು. ಜಿಡ್ಡು ಕಡಿಮೆಯಾದರೆ ಪಂಪು ಸವೆದು, ಲೋಹದ ಪುಡಿ ಇಂಜೆಕ್ಟರಿಗೆ ಹೋಗಿ ಕೂರುತ್ತದೆ. ಟ್ಯಾಂಕಿನ ಡೀಸೆಲ್ ಪರೀಕ್ಷೆಗೆ ಹೋದರೆ ಸೀಮೆಎಣ್ಣೆ ಗೊತ್ತಾಗುತ್ತದೆ, ಆಮೇಲೆ ವಾರಂಟಿ ಕೇಳುವ ಹಾಗಿಲ್ಲ. ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಬೇಡ. ಕೆಂಪಗೆ ಕಾದ ಹೀಟರ್ ಪ್ಲಗ್‌ಗೆ ಅದು ತಾಗಿದರೆ ಎಂಜಿನ್ ಒಳಗೇ ಸ್ಫೋಟವಾಗಬಹುದು.

ಪ್ರಶ್ನೆ: ಕಾರವಾರದಲ್ಲಿ ಬೀಚಿಗೆ ಹತ್ತಿರ ಮನೆ. ಆಫೀಸಿಗೆ ದಿನಾ 3 ಕಿಲೋಮೀಟರ್ ಅಷ್ಟೇ ಓಡಾಟ. ಬೆಳಿಗ್ಗೆ ಸೆಲ್ಫ್ ಬಹಳ ನಿಧಾನ ತಿರುಗುತ್ತದೆ, ಕೆಲವೊಮ್ಮೆ ಟಕಟಕ ಅಂತ ಸುಮ್ನೆ ಆಗುತ್ತದೆ. ಇದಕ್ಕೂ ಚಳಿಯೇ ಕಾರಣವೇ?

ಉತ್ತರ: ಕಾರವಾರದಲ್ಲಿ ಚಳಿಯನ್ನು ದೂರಬೇಡಿ. ಸೆಲ್ಫೇ ನಿಧಾನ ತಿರುಗುತ್ತಿದೆ ಅಂದರೆ ಕರೆಂಟ್ ಸಾಕಾಗುತ್ತಿಲ್ಲ. ಒಂದು ಸ್ಟಾರ್ಟಿಗೆ ಖರ್ಚಾದ ಚಾರ್ಜ್ 3 ಕಿಲೋಮೀಟರಿಗೆ ಸರಿಯಾಗಿ ವಾಪಸ್ ತುಂಬುವುದಿಲ್ಲ. ಬೆಳಿಗ್ಗೆ ಮುಟ್ಟುವ ಮೊದಲು ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. 12.2 ಇದ್ದರೆ ಅರ್ಧ ಖಾಲಿ.

ಆದರೆ ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಬಾನೆಟ್ ಎತ್ತಿ ನೋಡಿ. ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಕಟ್ಟಿರುತ್ತದೆ. ಅದಕ್ಕಿಂತ ಜಾಸ್ತಿ ಮೋಸ ಮಾಡುವುದು ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಎಂಜಿನ್‌ಗೆ ಹೋಗುವ ಅರ್ಥ್ ಪಟ್ಟಿ. ಮೇಲಿನಿಂದ ಚೆನ್ನಾಗೇ ಕಾಣುತ್ತದೆ, ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ತುಕ್ಕು. ಎಲೆಕ್ಟ್ರಿಷಿಯನ್‌ಗೆ ಹೇಳಿ, ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿಯದ್ದೇ ತೊಂದರೆ, ಬ್ಯಾಟರಿಯದ್ದಲ್ಲ. ತಿಕ್ಕಿ ಸ್ವಚ್ಛ ಮಾಡಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ವಾರಕ್ಕೊಮ್ಮೆ ಹೈವೇಯಲ್ಲಿ ಅಂಕೋಲಾವರೆಗೆ ಹೋಗಿ ಬನ್ನಿ, ಬ್ಯಾಟರಿಯೂ ತುಂಬುತ್ತದೆ.