ಅಮೆರಿಕದಲ್ಲಿ ಓದಲು ಹೊರಟ ಮಗಳು ಸೊರೊರಿಟಿ ಸೇರುತ್ತೇನೆ ಎನ್ನುತ್ತಾಳೆ. ಒಪ್ಪಬಹುದೇ?

ಪಿಯುಸಿ ಮುಗಿಸಿ ಇಂಡಿಯಾನಾಕ್ಕೆ ಬಿ.ಎಸ್. ಓದಲು ಹೊರಟಿರುವ ಮಗಳು ಸೊರೊರಿಟಿ ಸೇರಿ ಹಾದಿ ತಪ್ಪುತ್ತಾಳೆಯೇ, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದ್ದೀರಿ ಸರ್. ನಾನು ಅದೇ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಓದುವಾಗ ಸೊರೊರಿಟಿಯ ಸದಸ್ಯೆಯಾಗಿದ್ದೆ, ಅದರ ಮನೆಯಲ್ಲೇ ವಾಸವಾಗಿದ್ದೆ. ನೀವು ಎರಡನೆಯದಾಗಿ ಕೇಳಿದ ಪ್ರಶ್ನೆಗೇ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ.

ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿನಿಯರ ಸಂಘ ಸೊರೊರಿಟಿ, ಹುಡುಗರದ್ದು ಫ್ರೆಟರ್ನಿಟಿ. ನಮ್ಮಲ್ಲಿ ಸಮುದಾಯಗಳು ಕಟ್ಟಿಸಿದ ವಿದ್ಯಾರ್ಥಿನಿಲಯಗಳನ್ನು ನೆನೆಸಿಕೊಳ್ಳಿ: ಊಟ, ವಸತಿ, ಹಿರಿಯರ ಪರಿಚಯ, ಮುಂದೆ ಕೆಲಸ ಹುಡುಕುವಾಗ ಯಾರೋ ಆಡುವ ಒಂದು ಒಳ್ಳೆಯ ಮಾತು. ಆದರೆ ಇಲ್ಲಿ ಪ್ರವೇಶ ಕೊಡುವುದು ಹುಟ್ಟಲ್ಲ, ಒಳಗಿರುವ ಹುಡುಗಿಯರ ಮತ. ಈ ಸಂಪ್ರದಾಯದಲ್ಲಿ ಇಂಡಿಯಾನಾಕ್ಕೂ ಹಳೆಯ ಪಾಲಿದೆ. ಈಗ ಡಿಪಾವ್ ಎಂದು ಕರೆಯುವ ಅಲ್ಲಿನ ವಿಶ್ವವಿದ್ಯಾಲಯ 1867ರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. 1870ರಲ್ಲಿ ನಾಲ್ವರು ವಿದ್ಯಾರ್ಥಿನಿಯರು ಸೇರಿ ಅಲ್ಲಿ ಕಪ್ಪಾ ಆಲ್ಫಾ ಥೀಟಾ ಎಂಬ ಸೊರೊರಿಟಿ ಕಟ್ಟಿದರು. ಗಂಡಸರೇ ತುಂಬಿದ್ದ ಕಾಲೇಜಿನಲ್ಲಿ ಅವರಿಗೆ ಬೇಕಿದ್ದದ್ದು ಪರಸ್ಪರ ಆಸರೆ. ನಿಮ್ಮ ಮಗಳು ಮೊಬೈಲಿನಲ್ಲಿ ನೋಡುತ್ತಿರುವ ಸೊರೊರಿಟಿ ಹುಡುಗಿಯರ ಕುಣಿತದ ವೀಡಿಯೊಗಳು ತೀರಾ ಈಚಿನವು.

ಸೇರುವ ಕ್ರಮಕ್ಕೆ ‘ರಶ್’ ಎನ್ನುತ್ತಾರೆ. ಹುಡುಗಿಯರು ಗುಂಪುಗುಂಪಾಗಿ ಒಂದೊಂದು ಸೊರೊರಿಟಿಯ ಮನೆಗೂ ಹೋಗಿ ಮಾತನಾಡುತ್ತಾರೆ. ಪ್ರತಿ ಸುತ್ತಿನ ನಂತರ ಇವರು ಮನೆಗಳಿಗೆ, ಮನೆಗಳು ಇವರಿಗೆ ಕ್ರಮಾಂಕ ಕೊಡುತ್ತವೆ. ಕೊನೆಗೆ ಎರಡೂ ಪಟ್ಟಿಗಳನ್ನು ಹೊಂದಿಸಿ ಆಹ್ವಾನಪತ್ರ, ಅಂದರೆ ‘ಬಿಡ್’ ಕೊಡುತ್ತಾರೆ. ಕೊನೆಯ ಸುತ್ತು ಮುಗಿದ ಕೂಡಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದನ್ನು ಯಾರೂ ತಂದೆ ತಾಯಿಗೆ ಹೇಳುವುದಿಲ್ಲ. ತಾನು ಪಟ್ಟಿಯಲ್ಲಿ ಬರೆದ ಮನೆಯಿಂದ ಬಿಡ್ ಬಂದು ಅದನ್ನು ನಿರಾಕರಿಸಿದರೆ, ಮುಂದಿನ ವರ್ಷದ ರಶ್ ತನಕ ಆ ಕ್ಯಾಂಪಸ್ಸಿನ ಬೇರೆ ಮುಖ್ಯ ಸೊರೊರಿಟಿಗೆ ಸೇರುವಂತಿಲ್ಲ. ದೀಕ್ಷೆಯಾಗಿ ಪೂರ್ಣ ಸದಸ್ಯೆಯಾದ ಮೇಲಂತೂ, ಈ ಮುಖ್ಯ ಸೊರೊರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ಗೆ ಸೇರಿದ ಇನ್ನೊಂದು ಸೊರೊರಿಟಿಯ ಬಾಗಿಲು ಆಯುಷ್ಯಪೂರ್ತಿ ಮುಚ್ಚಿದಂತೆಯೇ. ಊರಿಗೆ ಹೊಸಬಳಾದ ಹದಿನೆಂಟರ ಹುಡುಗಿ, ಪರಿಚಯವಾಗಿ ವಾರವೂ ತುಂಬದವರ ನಡುವೆ ಕುಳಿತು ಇಂಥದ್ದಕ್ಕೆ ಸಹಿ ಹಾಕುತ್ತಾಳೆ!

ನಿಮ್ಮ ಮೊದಲ ಆತಂಕಕ್ಕೆ ಬರೋಣ. ಆ ಮನೆಗಳಲ್ಲಿ ಮದ್ಯಕ್ಕೆ ಅವಕಾಶವಿಲ್ಲ, ಗಂಡಸರು ಮಲಗುವ ಕೋಣೆಗಳತ್ತ ಸುಳಿಯದಂತೆ ನಿಯಮಗಳಿರುತ್ತವೆ, ಕನಿಷ್ಠ ಅಂಕ ಕಾಯ್ದುಕೊಳ್ಳಬೇಕು, ವಾರದ ಸಭೆ ತಪ್ಪಿಸಿದರೆ ಹಲವೆಡೆ ದಂಡ. ಎಷ್ಟೋ ಪಿ.ಜಿ.ಗಳಿಗಿಂತ ಬಿಗಿ. ಅಪಾಯ ಹುಟ್ಟುವುದು ಈ ಬಿಗಿಯಿಂದಲೇ ಎನ್ನುವುದು ನನ್ನ ಅಭಿಪ್ರಾಯ. ಹುಡುಗಿಯರ ಮನೆಯಲ್ಲಿ ಮದ್ಯ ಕೂಡದು ಎಂದಾಗ ಪಾರ್ಟಿಗಳು ಫ್ರೆಟರ್ನಿಟಿ ಮನೆಗಳಿಗೆ ಹೋಗುತ್ತವೆ. ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡಬೇಕು ಎನ್ನುವವರು, ಲೋಟಕ್ಕೆ ಏನು ಸುರಿಯಬೇಕು ಎನ್ನುವವರು ಆಗ ಹುಡುಗರೇ. ನಮ್ಮ ಸೊರೊರಿಟಿ ಮನೆಯ ಹುಡುಗಿಯರು ಜೊತೆಯಾಗಿ ಹೋಗಿ ಜೊತೆಯಾಗಿಯೇ ಬರುವ, ಒಬ್ಬಳು ಏನೂ ಕುಡಿಯದೆ ಉಳಿದವರನ್ನು ನೋಡಿಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದೆವು. ಮಗಳು ಪ್ರತಿ ಮನೆಯಲ್ಲೂ ‘ನಿಮ್ಮಲ್ಲಿ ಆ ರಾತ್ರಿ ಯಾರು ಹೊಣೆ?’ ಎಂದು ಕೇಳಲಿ. ತಡವರಿಸುವವರ ಮನೆ ಬೇಡ. ಅಲ್ಲಿ ಮದ್ಯಕ್ಕೆ ಕಾನೂನಿನ ವಯಸ್ಸು 21. ವಿದ್ಯಾರ್ಥಿ ವೀಸಾದಲ್ಲಿರುವವಳ ಮೇಲೆ ಪೊಲೀಸ್ ಪ್ರಕರಣವಾದರೆ ಅದು ಮುಂದಿನ ವೀಸಾ ಅರ್ಜಿಯ ತನಕ ಹಿಂಬಾಲಿಸುತ್ತದೆ.

ಹೇಜಿಂಗ್ ಎಂಬುದು ರ‍್ಯಾಗಿಂಗಿನ ಸೋದರ. ರ‍್ಯಾಗಿಂಗನ್ನು ಹೊಸಬರು ಅನುಭವಿಸುತ್ತಾರೆ. ಇಲ್ಲಿ ಸದಸ್ಯತ್ವದ ಬೆಲೆಯೆಂದು ತಾವಾಗಿ ತಲೆಯೊಡ್ಡುತ್ತಾರೆ, ದೂರು ಬರದಿರುವುದು ಅದಕ್ಕೇ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್‌ನಲ್ಲಿ 19 ವರ್ಷದ ವಿದ್ಯಾರ್ಥಿ ಫ್ರೆಟರ್ನಿಟಿಯೊಂದರ ಕುಡಿತದ ವಿಧಿಯ ನಂತರ ಮೆಟ್ಟಿಲಿನಿಂದ ಬಿದ್ದ. ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ, ಆತ ತೀರಿಕೊಂಡ. 2024ರ ಡಿಸೆಂಬರಿನಲ್ಲಿ ಅಧ್ಯಕ್ಷರ ಸಹಿ ಬಿದ್ದ ಅಮೆರಿಕದ ಕೇಂದ್ರ ಕಾನೂನಿನಂತೆ, ಹೇಜಿಂಗ್ ನಡೆಸಿದ್ದು ಸಾಬೀತಾದ ಸಂಘಗಳ ವರದಿಯನ್ನು ವಿಶ್ವವಿದ್ಯಾಲಯಗಳು ಜಾಲತಾಣದಲ್ಲಿ ಪ್ರಕಟಿಸಬೇಕು. ನೀವೇ ಮನೆಯಲ್ಲಿ ಕುಳಿತು ಓದಬಹುದು.

‘ನಮ್ಮವರದ್ದೇ ಇದ್ದರೆ ಕ್ಷೇಮವಲ್ಲವೇ?’ ಎಂದೂ ನೀವು ಕೇಳಿದ್ದೀರಿ. ದಕ್ಷಿಣ ಏಷ್ಯಾ ಮೂಲದವರ ಸೊರೊರಿಟಿಗಳಿವೆ: 1992ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಡೆಲ್ಟಾ ಫೈ ಬೀಟಾ, 1998ರಲ್ಲಿ ಆಸ್ಟಿನ್‌ನಲ್ಲಿ ಹುಟ್ಟಿದ ಕಪ್ಪಾ ಫೈ ಗ್ಯಾಮಾ. ಸಣ್ಣ ಗುಂಪುಗಳು, ಸಾಮಾನ್ಯವಾಗಿ ಸ್ವಂತ ದೊಡ್ಡ ಮನೆ ಇರುವುದಿಲ್ಲ, ಖರ್ಚೂ ಕಡಿಮೆ. ದೀಪಾವಳಿಗೆ ಒಬ್ಬಳೇ ಕೂರಬೇಕಾಗಿಲ್ಲ ಎನ್ನುವುದು ಸಣ್ಣ ಮಾತಲ್ಲ. ಅಲಬಾಮಾ ವಿಶ್ವವಿದ್ಯಾಲಯದ ಸೊರೊರಿಟಿಗಳು ಚರ್ಮದ ಬಣ್ಣದ ಕಾರಣಕ್ಕೆ ಕಪ್ಪು ವಿದ್ಯಾರ್ಥಿನಿಯರನ್ನು ಹೊರಗಿಟ್ಟದ್ದು ವಿದ್ಯಾರ್ಥಿ ಪತ್ರಿಕೆಯ ವರದಿಯಿಂದ ದೊಡ್ಡ ಸುದ್ದಿಯಾದದ್ದು 2013ರಲ್ಲಿ, ಎಂದೋ ಅಲ್ಲ. ಇಂಥ ಸಂಘಗಳು ಏಕೆ ಹುಟ್ಟಿದವು ಎಂದು ತಿಳಿಯಲು ಅಷ್ಟು ಸಾಕು. ಆದರೆ ಹೇಜಿಂಗ್‌ಗೆ ಜಾತಿಮತವಿಲ್ಲ. 2013ರಲ್ಲೇ ಏಷ್ಯನ್ ಅಮೆರಿಕನ್ನರ ಒಂದು ಫ್ರೆಟರ್ನಿಟಿಯಲ್ಲೂ ಹೊಸ ಸದಸ್ಯನ ಸಾವು ಸಂಭವಿಸಿತ್ತು. ಅಲ್ಲಿಯೂ ಅವೇ ಪ್ರಶ್ನೆಗಳನ್ನು ಕೇಳಬೇಕು.

ಇನ್ನು ಹಣ. ಶುಲ್ಕ ಸಂಘದಿಂದ ಸಂಘಕ್ಕೆ ಬಹಳ ಬದಲಾಗುತ್ತದೆ, ಮೊದಲ ಸೆಮಿಸ್ಟರಿನಲ್ಲಿ ದೀಕ್ಷೆ, ಬ್ಯಾಡ್ಜ್ ಎಂದು ಹೆಚ್ಚಾಗುತ್ತದೆ. ಟೀ ಶರ್ಟು, ಉಡುಗೊರೆ, ಉಡುಪು ಲೆಕ್ಕಕ್ಕೇ ಬರುವುದಿಲ್ಲ. (ಸಸ್ಯಾಹಾರಿಗಳಾಗಿದ್ದರೆ ಊಟದ ಹಣ ಕಟ್ಟಿಯೂ ಅಕ್ಕಿ, ಬೇಳೆ ಬೇರೆ ಕೊಳ್ಳಬೇಕಾದೀತು, ಚೀಸ್ ಹಾಕಿದ ಪಾಸ್ತಾವನ್ನು ಎಷ್ಟು ದಿನ ತಿನ್ನುವುದು?) ಎಲ್ಲಕ್ಕಿಂತ ಭಾರವಾದದ್ದು ವಾಸದ ಷರತ್ತು. ಹಲವು ಸೊರೊರಿಟಿಗಳು ಸದಸ್ಯೆ ಇಂತಿಷ್ಟು ಕಾಲ ತಮ್ಮ ಮನೆಯಲ್ಲೇ ಇರಬೇಕು ಎನ್ನುತ್ತವೆ. ಎರಡನೇ ವರ್ಷಕ್ಕೆ ಅಗ್ಗದ ಕೋಣೆ ಹಿಡಿಯುವ ಲೆಕ್ಕ ನಿಮ್ಮದಾಗಿದ್ದರೆ ಅದು ಅಲ್ಲಿಗೆ ಮುಗಿಯಿತು.

ನನ್ನನ್ನು ಕೇಳಿದರೆ ಬೇಡ ಎನ್ನಬೇಡಿ, ಒಂದು ವರ್ಷ ತಡೆಯಿರಿ ಎನ್ನಿ. ಎರಡನೇ ವರ್ಷದವರನ್ನೂ ತೆಗೆದುಕೊಳ್ಳುತ್ತಾರೆ, ಜಾಗ ಮಾತ್ರ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಯಾವ ಮನೆಯವರು ಹೇಗೆ ಎಂದು ಅವಳಿಗೇ ಗೊತ್ತಾಗಿರುತ್ತದೆ. ಈ ವರ್ಷವೇ ಎಂದು ಹಟ ಹಿಡಿದರೆ, ಶುಲ್ಕದ ಪಟ್ಟಿ ಮತ್ತು ವಾಸದ ಒಪ್ಪಂದದ ಪ್ರತಿಯನ್ನು ಕೊನೆಯ ಸುತ್ತಿಗೆ ಮೊದಲೇ ಕೇಳಿ ನಿಮಗೆ ಕಳುಹಿಸಲು ಹೇಳಿ.